ಅಂಗೈ ಮರೆಯ ದೀಪ

ರಾಯಚೂರು ಜಿಲ್ಲೆಯ ಮುದಗಲ್ ನನ್ನ ಹುಟ್ಟೂರು; ಕೋಟೆಗೂ ಮೊಹರಮ್ಮಿಗೂ ಹೆಸರಾದ ಊರು. ನನ್ನ ಬಾಲ್ಯದಲ್ಲಿ ನಮ್ಮ ಮನೆಗೆ ಇನ್ನೂ ವಿದ್ಯುತ್ತು ಬಂದಿರಲಿಲ್ಲ. ಸಂಜೆಯಾಗುತ್ತಲೇ ಅವ್ವ ಅಡುಗೆಮನೆಯಲ್ಲಿ ದೀಪ ಹಚ್ಚಿ, ಗಾಳಿಗೆ ಆರದಂತೆ ಅಂಗೈಯನ್ನು ಮರೆಮಾಡಿ ಪಡಸಾಲೆಗೆ ತರುತ್ತಿದ್ದಳು. ಆ ನಾಲ್ಕು ಹೆಜ್ಜೆಗಳ ಹೊತ್ತು ಅವಳ ಮುಖವೊಂದೇ ಬೆಳಗುತ್ತಿತ್ತು. ಉಳಿದ ಮನೆಯೆಲ್ಲ ಕತ್ತಲೆ.

ಅವ್ವನ ಒಂದು ಭಾವಚಿತ್ರವೂ ನಮ್ಮಲ್ಲಿ ಉಳಿದಿಲ್ಲ. ಆದರೆ ಸೋದರಮಾವ ತಂದ ಕ್ಯಾಲೆಂಡರಿನಲ್ಲಿ ಅವಳಂತೆಯೇ ದೀಪ ಹಿಡಿದು ನಿಂತ ಹೆಣ್ಣೊಬ್ಬಳ ಚಿತ್ರವಿತ್ತು. ಅದು ರಾಜಾ ರವಿವರ್ಮನದೆಂದು ಎಲ್ಲರೂ ಹೇಳುತ್ತಿದ್ದರು. ಶಿಕ್ಷಕನಾದ ಮೇಲೆ ನಾನೂ ಮಕ್ಕಳಿಗೆ ಹಾಗೆಯೇ ಹೇಳುತ್ತ ಬಂದೆ.

ಒಮ್ಮೆ ಮಕ್ಕಳೊಡನೆ ಮೈಸೂರಿಗೆ ಪ್ರವಾಸ ಹೋದಾಗ ಜಗನ್ಮೋಹನ ಅರಮನೆಯ ಚಿತ್ರಶಾಲೆಯಲ್ಲಿ ಮೂಲಚಿತ್ರವನ್ನು ಕಂಡೆ. ಹುಡುಗಿಯೊಬ್ಬಳು ಮೆಲ್ಲನೆ, “ಸರ್, ಇಲ್ಲಿ ಬ್ಯಾರೆ ಹೆಸರು ಐತ್ರಿ” ಎಂದಳು. ನಾನು ನಾಚಿದೆ. ಚಿತ್ರ ಎಸ್. ಎಲ್. ಹಳದಣಕರ್ ಅವರದು. ಸಾವಂತವಾಡಿಯಲ್ಲಿ 1882ರಲ್ಲಿ ಜನಿಸಿದ ಅವರು ತಮ್ಮ ಮಗಳು ಗೀತಾಳನ್ನೇ ನಿಲ್ಲಿಸಿಕೊಂಡು 1945-46ರ ಸುಮಾರಿಗೆ ಇದನ್ನು ಬರೆದರು. ರವಿವರ್ಮನಾದರೋ 1906ರಲ್ಲಿಯೇ ತೀರಿಕೊಂಡಿದ್ದನು. ಅವನ ಚಿತ್ರಗಳೂ ಅದೇ ಚಿತ್ರಶಾಲೆಯಲ್ಲಿರುವುದರಿಂದ ಈ ತಪ್ಪು ಸುಲಭವಾಗಿ ಹಬ್ಬಿರಬೇಕು.

ಇದು ತೈಲವರ್ಣವಲ್ಲ, ಜಲವರ್ಣ. ತೈಲವರ್ಣದಲ್ಲಿ ಕಪ್ಪಿನ ಮೇಲೂ ಬಿಳುಪನ್ನು ಹಚ್ಚಬಹುದು. ತಿಳಿಯಾದ ಜಲವರ್ಣದಲ್ಲಿ ಕಾಗದದ ಬಿಳುಪೇ ಬೆಳಕು. ಬೆಳಕಿರಬೇಕಾದ ಎಡೆಯನ್ನು ಮೊದಲೇ ಅರಿತು ಕಾಯ್ದುಕೊಳ್ಳಬೇಕು. ಒಮ್ಮೆ ಕಪ್ಪಾದುದನ್ನು ಮತ್ತೆ ಬೆಳಗಿಸುವುದು ಕಷ್ಟ. ದೀಪದ ಪ್ರಭೆ ಬೆರಳುಗಳ ಮೂಲಕ ಹಾಯ್ದು ಕೆಂಪಾಗಿ ತೋರುತ್ತದೆ. ಅದೇ ಪ್ರಭೆ ಗಲ್ಲವನ್ನು ಮುಟ್ಟಿ, ಸೀರೆಯ ಮಡಿಕೆಗಳಲ್ಲಿ ಇಳಿದು, ಕ್ರಮೇಣ ಮಬ್ಬಿನಲ್ಲಿ ಕರಗುತ್ತದೆ. ಬಟ್ಟೆಯ ನುಣುಪನ್ನು ಕೈಯಿಂದ ಮುಟ್ಟಿದಂತೆಯೇ ಭಾಸವಾಗುತ್ತದೆ. ಆ ಮುಖದಲ್ಲಿ ಆಡಂಬರವಿಲ್ಲ. ದೀಪ ಆರದಿರಲೆಂಬ ಎಚ್ಚರವಿದೆ, ಶಾಂತಿಯಿದೆ.

ಊರಿಗೆ ಮರಳಿದ ಮರುದಿನ ತರಗತಿಯಲ್ಲಿ ನನ್ನ ತಪ್ಪನ್ನು ಒಪ್ಪಿಕೊಂಡು, ಕಲಾವಿದರ ಹೆಸರನ್ನು ಕರಿಹಲಗೆಯ ಮೇಲೆ ದೊಡ್ಡದಾಗಿ ಬರೆದೆ. ತಂದೆಯೊಬ್ಬನು ಮಗಳನ್ನು ಅಷ್ಟು ಅಕ್ಕರೆಯಿಂದ ನೋಡಿ ಬರೆದ ಚಿತ್ರಕ್ಕೆ ಮತ್ತೊಬ್ಬರ ಹೆಸರನ್ನು ಅಂಟಿಸುವುದು ಅನ್ಯಾಯವಲ್ಲವೆ?

ಇಂದು ನಮ್ಮ ಮನೆಯಲ್ಲಿ ವಿದ್ಯುದ್ದೀಪಗಳಿವೆ. ಆದರೂ ಕರೆಂಟು ಹೋದ ಸಂಜೆ ಮೊಮ್ಮಗಳು ಮೇಣದಬತ್ತಿಗೆ ಅಂಗೈ ಮರೆಮಾಡಿ ಬರುವಾಗ, ಆ ಕೆಂಪು ಬೆರಳುಗಳಲ್ಲಿ ಅವ್ವನನ್ನು ಕಾಣುತ್ತೇನೆ.