ಒಂದೇ ಮನೆ, ಎರಡು ಸ್ಕೂಲು (ಮನೆ ಲೆಕ್ಕ, ಭಾಗ 4)

ಫೋಟೋದಲ್ಲಿ ಒಂದೇ ಹಗ್ಗದ ಮೇಲೆ ಎರಡು ಯೂನಿಫಾರ್ಮ್ ಒಣಗ್ತಿವೆ ನೋಡಿ. ನಮ್ಮತ್ತೆ ಮಕ್ಕಳದ್ದು. ಅಕ್ಕ 8ನೇ ಕ್ಲಾಸ್, ಪ್ರೈವೇಟ್ ಸ್ಕೂಲು. ತಮ್ಮ 7ನೇ ಕ್ಲಾಸ್, ಸರ್ಕಾರಿ ಶಾಲೆ. ಆದಾಯ ಒಂದೇ, ವಿಳಾಸ ಒಂದೇ. ಬೇರೆ ಇದ್ದಿದ್ದು ಸೇರಿದ ವರ್ಷ ಮಾತ್ರ: ಅವಳು 2018, ಇವನು 2019.

2009ರ ಶಿಕ್ಷಣ ಹಕ್ಕು ಕಾಯ್ದೆಯಲ್ಲಿ 12(1)(ಸಿ) ಅಂತ ಒಂದು ಸೆಕ್ಷನ್ ಇದೆ. ಅದರ ಪ್ರಕಾರ ಅನುದಾನರಹಿತ ಖಾಸಗಿ ಶಾಲೆಗಳು ಕನಿಷ್ಠ 25% ಸೀಟನ್ನ ಅಕ್ಕಪಕ್ಕದ ಬಡ, ಹಿಂದುಳಿದ ಕುಟುಂಬದ ಮಕ್ಕಳಿಗೆ ಉಚಿತವಾಗಿ ಕೊಡ್ಬೇಕು. (ಅಲ್ಪಸಂಖ್ಯಾತ ಸಂಸ್ಥೆಗಳಿಗೆ ವಿನಾಯಿತಿ ಇದೆ.) ಸರ್ಕಾರ ಒಂದು ಮಗುವಿಗೆ ತಾನು ಮಾಡೋ ಖರ್ಚು, ಇಲ್ಲಾ ಆ ಶಾಲೆಯ ಫೀಸು, ಇವೆರಡರಲ್ಲಿ ಯಾವುದು ಕಮ್ಮಿಯೋ ಅದನ್ನ ಶಾಲೆಗೆ ಕಟ್ಟಿಕೊಡುತ್ತೆ. ಅಕ್ಕನಿಗೆ ಲಾಟರಿಯಲ್ಲಿ ಸಿಕ್ಕಿದ್ದು ಇದೇ ಸೀಟು.

ಆಮೇಲೆ ಕರ್ನಾಟಕ ನಿಯಮ ಬದಲಾಯಿಸ್ತು. ಹತ್ತಿರದಲ್ಲಿ ಸರ್ಕಾರಿ ಅಥವಾ ಅನುದಾನಿತ ಶಾಲೆ ಇದ್ರೆ ಖಾಸಗಿ ಶಾಲೆ ಆ ಸೀಟು ಕೊಡಬೇಕಿಲ್ಲ. ಊರು, ಪೇಟೆ ಎಲ್ಲಾ ಕಡೆ ಅಂಥ ಶಾಲೆ ಇದ್ದೇ ಇರುತ್ತೆ ಅಲ್ವಾ? ಲಕ್ಷ ಮೀರಿದ್ದ ಸೀಟುಗಳು 2019ರಲ್ಲಿ ಒಂದೇ ಸಲ ಕುಸಿದವು. ಹೈಕೋರ್ಟ್ ಆ ನಿಯಮ ಎತ್ತಿಹಿಡೀತು. ಅಂಥದ್ದೇ ನಿಯಮ 2024ರಲ್ಲಿ ಮಹಾರಾಷ್ಟ್ರ ತಂದಾಗ ಬಾಂಬೆ ಹೈಕೋರ್ಟ್ ರದ್ದು ಮಾಡ್ತು.

ಸರ್ಕಾರದ ವಾದದಲ್ಲೂ ಹುರುಳಿದೆ. ಮಕ್ಕಳೂ ದುಡ್ಡೂ ಖಾಸಗಿಗೆ ಹೋದ್ರೆ ಸರ್ಕಾರಿ ಶಾಲೆ ಖಾಲಿಯಾಗುತ್ತೆ. ಒಪ್ತೀನಿ. ಆದ್ರೆ ಬಿಕಾಂ ಓದೋಳಿಗೆ ಬರೋ ಪ್ರಶ್ನೆ ಬೇರೆ: ಒಂದು ಖಾತೆಯಲ್ಲಿ ಉಳಿಸಿದ್ದು ಇನ್ನೊಂದು ಖಾತೆಯಲ್ಲಿ ಕಾಣ್ಬೇಕಲ್ಲ? 2019ರಲ್ಲೇ 1,000 ಸರ್ಕಾರಿ ಶಾಲೆಗಳಲ್ಲಿ ಇಂಗ್ಲಿಷ್ ಮಾಧ್ಯಮ ಶುರುವಾಯ್ತು, ಒಳ್ಳೇದೇ. ತಮ್ಮನ ಶಾಲೆ ಆ ಪಟ್ಟಿಯಲ್ಲಿ ಇರಲಿಲ್ಲ. ಅಲ್ಲಿ ಮೇಷ್ಟ್ರು ಚೆನ್ನಾಗೇ ಪಾಠ ಮಾಡ್ತಾರೆ, ಆದ್ರೆ ಒಬ್ಬರೇ ಎರಡು ಕ್ಲಾಸ್ ನೋಡ್ಕೋಬೇಕು. ಬಾಗಿಲು ಮುಚ್ಚೋ ಮುಂಚೆ ಪಕ್ಕದ ಬಾಗಿಲು ರಿಪೇರಿ ಮಾಡ್ಬೇಕಿತ್ತು ಅನ್ನೋದಷ್ಟೇ ನನ್ನ ತಕರಾರು.

ಅಕ್ಕನದ್ದೂ ನಿರಾಳ ಇಲ್ಲ. ಕಾಯ್ದೆಯ ಸೀಟು 8ನೇ ಕ್ಲಾಸಿಗೆ ಮುಗಿಯುತ್ತೆ. ಜೂನ್‌ನಿಂದ ಪೂರ್ತಿ ಫೀಸು. ಅತ್ತೆ ಹೊಲಿಗೆ ದುಡ್ಡಲ್ಲಿ ಚೀಟಿ ಹಾಕಿದ್ದಾರೆ, ಸಾಲಲ್ಲ. ಹೈಸ್ಕೂಲಿಗೆ ಅವಳನ್ನ ಅಲ್ಲೇ ಬಿಡೋದಾ, ಸರ್ಕಾರಿ ಶಾಲೆಗೆ ಹಾಕೋದಾ ಅಂತ ದಿನಾ ರಾತ್ರಿ ಚರ್ಚೆ.

ನಿಮ್ಮಲ್ಲಿ ಆರ್‌ಟಿಇ ಸೀಟಲ್ಲಿ ಓದಿದೋರು ಇದ್ದೀರಾ? 9ನೇ ಕ್ಲಾಸಿಗೆ ಏನು ಮಾಡಿದ್ರಿ? ಕಾಮೆಂಟಲ್ಲಿ ಬರೀರಿ. ಅತ್ತೆಗೆ ಓದಿ ಹೇಳ್ತೀನಿ.

#ಮನೆಲೆಕ್ಕ #ಆರ್‌ಟಿಇ #ಸರ್ಕಾರಿಶಾಲೆ