ಎಲ್ಲ ಫೋಟೋದಲ್ಲೂ ಅದೇ ಹದ್ದು

"ಇದು ಹದ್ದಾ?" ಅಂತ ಅಪ್ಪ ಕೇಳಿದ್ರು.

ಊರಿಂದ ತೆಗೆದುಕೊಂಡು ಬಂದಿದ್ದ ಫೋಟೋಗಳನ್ನು ಲ್ಯಾಪ್‌ಟಾಪ್‌ನಲ್ಲಿ ತೋರಿಸ್ತಾ ಇದ್ದೆ. ಆಕಾಶದ ಎಡ ಮೇಲ್ಮೂಲೆಯಲ್ಲಿ ಒಂದು ಮಸುಕು ಚುಕ್ಕೆ. "ಇರಬಹುದು" ಅಂದೆ. ಮುಂದಿನ ಫೋಟೋ ಕೆರೆಯದ್ದು, ಅಲ್ಲೂ ಅದೇ ಜಾಗದಲ್ಲಿ ಹದ್ದು. ಅದರ ಮುಂದಿನದು ನಮ್ಮನೆ ಅಂಗಳ, ಅಲ್ಲೂ ಹದ್ದು. "ಏನ್ ಮಾರಾಯ, ಇದು ನಿನ್ನ ಜೊತೆ ಬೆಂಗಳೂರು ಬಸ್ಸೂ ಹತ್ತಿರಬೇಕು" ಅಂತ ಅಪ್ಪ ನಕ್ಕರು.

ನನಗೆ ನಗು ಬರಲಿಲ್ಲ. ಲೆನ್ಸ್ ಬದಲಾಯಿಸುವ ಕ್ಯಾಮೆರಾ ಇಟ್ಟುಕೊಂಡವರಿಗೆಲ್ಲ ಗೊತ್ತು, ಎಲ್ಲ ಫೋಟೋದಲ್ಲೂ ಒಂದೇ ಜಾಗದಲ್ಲಿ ಹಾರುವ ಹದ್ದು ಇರುವುದು ಆಕಾಶದಲ್ಲಲ್ಲ, ಕ್ಯಾಮೆರಾದ ಹೊಟ್ಟೆಯಲ್ಲಿ.

ಸ್ವಲ್ಪ ಹಿಂದಿನ ಕಥೆ ಹೇಳಬೇಕು. ನಮ್ಮದು ಕೊಪ್ಪದ ಕಡೆ ಸಣ್ಣ ಅಡಿಕೆ ತೋಟ. ಕೊಯ್ಲು ಮುಗಿಸಿ ಫೆಬ್ರವರಿಯಲ್ಲಿ ಅಪ್ಪ ಮೊಣಕಾಲು ಆಪರೇಷನ್‌ಗೆ ಅಂತ ನಮ್ಮ ಬೆಂಗಳೂರಿನ ಬಾಡಿಗೆ ಮನೆಗೆ ಬಂದರು, ಜೊತೆಗೆ ಅಮ್ಮ. ಮೂರು ತಿಂಗಳು ತೋಟಕ್ಕೆ ಇಳಿಯುವ ಹಾಗಿಲ್ಲ. ಅಪ್ಪನಿಗೆ ಕಾಲಿಗಿಂತ ಹೆಚ್ಚು ನೋಯುತ್ತಿದ್ದದ್ದು ತೋಟದ ಕೆಳಗಿನ ತುಂಡು. ಅಲ್ಲಿ ಹಳದಿ ಎಲೆ ರೋಗ ಕಾಲಿಟ್ಟಿತ್ತು. ಕೊಪ್ಪ, ಶೃಂಗೇರಿ, ಸುಳ್ಯದ ಕಡೆಯವರಿಗೆ ಈ ಹೆಸರು ಹೇಳಿದರೆ ಸಾಕು, ಮುಂದೆ ವಿವರಿಸಬೇಕಾಗಿಲ್ಲ. ಮಿಕ್ಕವರಿಗಾಗಿ: ಕೆಳಗಿನ ಸೋಗೆಗಳ ಗರಿ ತುದಿಯಿಂದ ಹಳದಿಯಾಗುತ್ತಾ ಬರುತ್ತದೆ, ಕಾಯಿ ಉದುರುತ್ತದೆ, ಮಂಡೆ ಸಣ್ಣದಾಗುತ್ತದೆ. ಫೈಟೊಪ್ಲಾಸ್ಮಾ ಅನ್ನೋ ಸೂಕ್ಷ್ಮಜೀವಿಯಿಂದ ಬರುವ ರೋಗ. ಬಂದ ಮರವನ್ನು ವಾಸಿ ಮಾಡುವ ಮದ್ದಿಲ್ಲ.

ಚಿಕ್ಕಪ್ಪ ತೋಟ ನೋಡಿಕೊಳ್ಳುತ್ತಿದ್ದರು. ಫೋನ್ ಮಾಡಿದರೆ "ಎಲ್ಲ ಚೆನ್ನಾಗಿದೆ ಅಣ್ಣ, ನೀ ಸುಮ್ನೆ ಮಲ್ಕೊ" ಅನ್ನೋರು. ಈ ಮಾತಿನಿಂದಲೇ ಅಪ್ಪನಿಗೆ ಅನುಮಾನ. ಮಳೆಗಾಲಕ್ಕೆ ಮೊದಲು ನಿರ್ಧಾರ ಆಗಬೇಕಿತ್ತು. ಆ ತುಂಡಿಗೆ ಮತ್ತೆ ಅಡಿಕೆ ಸಸಿ ಹಾಕುವುದಾ, ಅಥವಾ ಕಾಫಿಗೆ ಬಿಟ್ಟುಬಿಡುವುದಾ? ಅದಕ್ಕೆ ನಾವಿಬ್ಬರೂ ಒಂದು ಒಪ್ಪಂದಕ್ಕೆ ಬಂದೆವು. ನಾನು ತಿಂಗಳಿಗೊಮ್ಮೆ ಊರಿಗೆ ಹೋಗಿ, ದರೆಯ ಮೇಲೆ ಒಂದೇ ಜಾಗದಲ್ಲಿ ಟ್ರೈಪಾಡ್ ನೆಟ್ಟು, ಅದೇ ಫ್ರೇಮಿನಲ್ಲಿ ಕೆಳಗಿನ ತುಂಡಿನ ಫೋಟೋ ತೆಗೆಯುವುದು. ದರೆ ಮೇಲಿಂದ ಮರಗಳ ಮಂಡೆ ಕಣ್ಣಿನ ಮಟ್ಟಕ್ಕೆ ಸಿಗುತ್ತದೆ. ಅಪ್ಪ ದೊಡ್ಡದು ಮಾಡಿಕೊಂಡು ಮರ ಮರ ಎಣಿಸುವುದು.

ಹತ್ತಿರದ ಮರದಿಂದ ದೂರದ ಮರದವರೆಗೆ ಎಲ್ಲ ಸ್ಪಷ್ಟ ಬರಬೇಕು ಅಂತ ಎಫ್ 16ಕ್ಕೆ ಇಡುತ್ತಿದ್ದೆ. ಧೂಳಿಗೆ ಬೇಕಾದ್ದೂ ಅದೇ.

ನಾವು "ಸೆನ್ಸರ್ ಮೇಲಿನ ಧೂಳು" ಅಂತೀವಿ. ನಿಜದಲ್ಲಿ ಅದು ಸೆನ್ಸರ್ ಮೇಲೆ ಕೂರುವುದಿಲ್ಲ, ಅದರ ಮುಂದಿರುವ ಫಿಲ್ಟರ್ ಗಾಜಿನ ಮೇಲೆ ಕೂರುತ್ತದೆ. ಫೋಟೋದಲ್ಲಿ ಕಾಣುವುದು ಅದರ ನೆರಳು. ಲೆನ್ಸಿನ ಕಿಂಡಿ ದೊಡ್ಡದಿದ್ದರೆ, ಅಂದರೆ ಎಫ್ 2.8ರಲ್ಲಿ, ಬೆಳಕು ಎಲ್ಲ ಕಡೆಯಿಂದ ನುಗ್ಗಿ ನೆರಳನ್ನು ಕರಗಿಸಿಬಿಡುತ್ತದೆ. ಕಿಂಡಿ ಸಣ್ಣದು ಮಾಡಿದಷ್ಟೂ ನೆರಳು ಗಟ್ಟಿಯಾಗುತ್ತದೆ. ಟ್ಯೂಬ್‌ಲೈಟ್ ಕೆಳಗೆ ಕೈಯ ನೆರಳು ಮಸುಕು, ಟಾರ್ಚ್ ಬೆಳಕಿಗೆ ಚೂಪು, ಹಾಗೆ. ಅದಕ್ಕೇ ಎಷ್ಟೋ ಜನ ಮದುವೆ, ಮಗು, ಬರ್ತ್‌ಡೇ ಅಂತ ವರ್ಷಗಟ್ಟಲೆ ಫೋಟೋ ತೆಗೆದರೂ ಧೂಳು ಗೊತ್ತೇ ಆಗಿರುವುದಿಲ್ಲ. ಒಂದು ದಿನ ಬೆಟ್ಟ ಹತ್ತಿ ಆಕಾಶದ ಫೋಟೋ ತೆಗೀತಾರೆ, ಆಗ ಬರುತ್ತೆ ಹದ್ದು.

ಎಲ್ಲಿಂದ ಬಂತು ಅನ್ನೋದಕ್ಕೆ ತಲೆ ಕೆಡಿಸಿಕೊಳ್ಳಬೇಕಿರಲಿಲ್ಲ. ಮಾರ್ಚ್‌ನಲ್ಲಿ ಹೋದಾಗ ತೋಟದೊಳಗೇ, ಹಿಂಗಾರ ಬಿಟ್ಟ ಮರದ ಕೆಳಗೆ ನಿಂತು, ಕ್ಯಾಮೆರಾ ಬಾಯಿ ಮೇಲೆ ಮಾಡಿ ಲೆನ್ಸ್ ಬದಲಾಯಿಸಿದ್ದೆ. ಗಾಳಿ ಬೇರೆ. ಹೂವಿನ ಪರಾಗ ಬಿದ್ದಿತ್ತು ಅಂತ ನನ್ನ ಗುಮಾನಿ. ಒಣ ಧೂಳಾದರೆ ಊದಿದರೆ ಹೋಗುತ್ತದೆ, ಪರಾಗ ಅಂಟಿಕೊಳ್ಳುತ್ತದೆ.

ಆ ರಾತ್ರಿ ನಾನು ಮಾಡಿದ್ದು ಸೋಮಾರಿ ಎಂಜಿನಿಯರ್ ಮಾಡುವ ಕೆಲಸ. ಎಡಿಟಿಂಗ್ ಸಾಫ್ಟ್‌ವೇರ್‌ನಲ್ಲಿ ಹೀಲಿಂಗ್ ಬ್ರಶ್ ತಗೊಂಡು ಎಲ್ಲ ಫೋಟೋದಲ್ಲೂ ಹದ್ದನ್ನು ಅಳಿಸಿದೆ. ಎರಡೇ ನಿಮಿಷ. ಕ್ಲೀನ್ ಆಲ್ಬಮ್ ಅಪ್ಪನ ಟ್ಯಾಬ್‌ಗೆ ಹಾಕಿ ಮಲಗಿದೆ.

ಬೆಳಿಗ್ಗೆ ಕಾಫಿ ಹೊತ್ತಿಗೆ ಅಪ್ಪ ಫೆಬ್ರವರಿ ಫೋಟೋ, ಮಾರ್ಚ್ ಫೋಟೋ ಎರಡನ್ನೂ ಹಿಂದೆ ಮುಂದೆ ಮಾಡಿ ನೋಡ್ತಾ ಕೂತಿದ್ದರು. ಮುಖದಲ್ಲಿ ತುಂಬಾ ದಿನದಿಂದ ಕಾಣದ ಒಂದು ಗೆಲುವು. "ಬಾ ಇಲ್ಲಿ. ಈ ಮೂಲೆ ಮರ ನೋಡು. ಹೋದ ತಿಂಗಳು ಕೆಳಗಿನ ಸೋಗೆ ತುದಿ ಹಳದಿ ಇತ್ತಲ್ಲ? ಈ ಸಲ ಹಸಿರಿದೆ. ಚೇತರಿಸ್ಕೊಂಡಂಗೆ ಕಾಣ್ತದೆ. ರೋಗ ಅಲ್ಲವೇನೋ, ನೀರು ಬಸಿಯದೆ ಹಾಗಾಗಿತ್ತೇನೋ." ಅಮ್ಮನೂ ಅಡುಗೆಮನೆಯಿಂದ ಬಂದು ನೋಡಿದರು.

ಮೂಲೆ ಮರ ಇರುವುದು ಫ್ರೇಮಿನ ಎಡ ಮೇಲ್ಮೂಲೆಯಲ್ಲಿ.

ನನಗೆ ಹೊಟ್ಟೆಯೊಳಗೆ ಏನೋ ಕುಸಿದ ಹಾಗಾಯಿತು. ಒರಿಜಿನಲ್ ತೆಗೆದು ನೋಡಿದೆ. ಧೂಳಿನ ಚುಕ್ಕೆ ಸರಿಯಾಗಿ ಆ ಸೋಗೆಯ ತುದಿ ಮೇಲೆ ಕೂತಿತ್ತು. ಪಕ್ಕದಲ್ಲಿ ಚೂರು ಹಳದಿ ಇಣುಕುತ್ತಿತ್ತು. ಬ್ರಶ್ ಆ ಜಾಗ ತುಂಬಲು ಪಕ್ಕದ ಆರೋಗ್ಯವಂತ ಮರದ ಗರಿಯನ್ನು ತಂದು ಅಂಟಿಸಿತ್ತು. ಅದರ ಕೆಲಸವೇ ಅದು, ಅದಕ್ಕೇನು ಗೊತ್ತು.

ಹೇಳದೆ ಇದ್ದುಬಿಡೋಣ ಅಂತ ಒಂದು ಕ್ಷಣ ಅನಿಸಿತು. ಆದರೆ ಅಪ್ಪ ಆಗಲೇ ಸಸಿ ಲೆಕ್ಕ ಹಾಕುತ್ತಿದ್ದರು. "ಅಪ್ಪ, ಅದು ನಮ್ಮ ಮರದ ಗರಿ ಅಲ್ಲ, ಕಂಪ್ಯೂಟರ್ ಬರೆದದ್ದು" ಅಂತ ಹೇಳಿ ಎರಡೂ ತೋರಿಸಿದೆ. ಅವರು ಬೈಯಲಿಲ್ಲ. ಬೈದಿದ್ದರೆ ಚೆನ್ನಾಗಿತ್ತು. ಸ್ವಲ್ಪ ಹೊತ್ತು ಸುಮ್ಮನಿದ್ದು, "ಹಾಗಾದ್ರೆ ಕ್ಯಾಮೆರಾ ಸರಿ ಮಾಡಿಸು. ಫೋಟೋ ಸರಿ ಮಾಡಬೇಡ" ಅಂದ್ರು.

ಸರ್ವಿಸ್ ಸೆಂಟರ್‌ನಲ್ಲಿ ಎರಡು ವಾರ ಆಗುತ್ತೆ ಅಂದ್ರು. ಮುಂದಿನ ಶನಿವಾರವೇ ಊರಿಗೆ ಹೋಗಿ ಆ ಫೋಟೋ ಮತ್ತೆ ತೆಗೆಯುವುದು ಅಂತ ನಿರ್ಧಾರ ಮಾಡಿಯಾಗಿತ್ತು. ಹಾಗಾಗಿ ನಾನೇ ಇಳಿದೆ. ಕೈಪಿಡಿಯಲ್ಲಿ "ಗಾಜನ್ನು ಮುಟ್ಟಬೇಡಿ" ಅಂತ ಬರೆದಿರುವುದು ಗೊತ್ತಿತ್ತು. ಗೀರು ಬಿದ್ದರೆ ಕ್ಯಾಮೆರಾ ರಿಪೇರಿ ಬದಲು ಹೊಸದೇ ತಗೋಬಹುದು ಅನ್ನುವಷ್ಟು ಖರ್ಚು ಅನ್ನೋದೂ ಗೊತ್ತಿತ್ತು.

ಮೊದಲು ಪರೀಕ್ಷೆ. ನೀವೂ ಮಾಡಿ ನೋಡಬಹುದು. ಲ್ಯಾಪ್‌ಟಾಪ್‌ನಲ್ಲಿ ಖಾಲಿ ಬಿಳಿ ಪುಟ ತೆರೆಯಿರಿ. ಐಎಸ್‌ಒ 100, ಎಫ್ 22, ಮ್ಯಾನುಯಲ್ ಫೋಕಸ್‌ನಲ್ಲಿ ಬೇಕಂತಲೇ ಮಸುಕು. ಒಂದೆರಡು ಸೆಕೆಂಡು ಎಕ್ಸ್‌ಪೋಷರ್ ಇಟ್ಟು, ತೆಗೆಯುವಾಗ ಕ್ಯಾಮೆರಾ ಅಲ್ಲಾಡಿಸಿ. ಹೌದು, ಅಲ್ಲಾಡಿಸಬೇಕು. ಹೊರಗಿನದ್ದೆಲ್ಲ ಕಲಸಿಹೋಗುತ್ತದೆ, ಧೂಳು ಕ್ಯಾಮೆರಾ ಜೊತೆಗೇ ಅಲ್ಲಾಡುವುದರಿಂದ ಅದೊಂದೇ ನಿಂತಲ್ಲಿ ನಿಲ್ಲುತ್ತದೆ. ನನ್ನದರಲ್ಲಿ ಹದ್ದಿನ ಜೊತೆ ಒಂಬತ್ತು ಗುಬ್ಬಿಮರಿಗಳೂ ಇದ್ದವು.

ಕ್ಯಾಮೆರಾದ ಸ್ವಂತ ಕ್ಲೀನಿಂಗ್ ಹತ್ತು ಸಲ ಓಡಿಸಿದೆ. ಫಿಲ್ಟರನ್ನು ಅತಿ ವೇಗವಾಗಿ ನಡುಗಿಸಿ ಧೂಳು ಉದುರಿಸುವ ಈ ಉಪಾಯವನ್ನು 2003ರಲ್ಲಿ ಒಲಿಂಪಸ್ ಇ-1 ಕ್ಯಾಮೆರಾದಲ್ಲಿ ತಂದರು, ಆಮೇಲೆ ಬಹುಪಾಲು ಎಲ್ಲರೂ ಅಳವಡಿಸಿಕೊಂಡರು. ಎರಡು ಗುಬ್ಬಿಮರಿ ಹಾರಿದವು. ಹದ್ದು ಕದಲಲಿಲ್ಲ.

ಆಮೇಲೆ ಬ್ಲೋವರ್. ಬ್ಯಾಟರಿ ಪೂರ್ತಿ ಚಾರ್ಜ್ ಮಾಡಿ, ಮೆನುವಿನಲ್ಲಿ ಕನ್ನಡಿ ಮೇಲೆತ್ತುವ ಆಯ್ಕೆ ಹಾಕಿ, ಕ್ಯಾಮೆರಾ ಬಾಯಿ ಕೆಳಗೆ ಮಾಡಿ ರಬ್ಬರ್ ಬ್ಲೋವರ್‌ನಿಂದ ಊದಬೇಕು. ಬಾಯಿಂದ ಊದಬೇಡಿ, ಎಂಜಲು ಬೀಳುತ್ತದೆ. ಡಬ್ಬಿಯಲ್ಲಿ ಬರುವ ಗಾಳಿಯಂತೂ ಬೇಡವೇ ಬೇಡ, ಅದರೊಳಗಿನ ದ್ರವ ಚಿಮ್ಮಿ ಗಾಜಿನ ಮೇಲೆ ಹೆಪ್ಪುಗಟ್ಟಬಹುದು. ಟಾರ್ಚ್ ಹಾಕಿ ನೋಡಿದರೆ ಎಡ ಮೇಲ್ಮೂಲೆಯಲ್ಲಿ ಒಂದು ಕಣ ಕಾಣಿಸಿತು. ಗುರಿಯಿಟ್ಟು ಊದಿದೆ, ಹೋಯಿತು! ಪರೀಕ್ಷೆ ಮಾಡಿದರೆ ಹದ್ದು ಅಲ್ಲೇ.

ತಲೆ ಚಚ್ಚಿಕೊಂಡೆ. ಲೆನ್ಸ್ ಚಿತ್ರವನ್ನು ತಲೆಕೆಳಗು ಮಾಡಿ ಸೆನ್ಸರ್ ಮೇಲೆ ಬೀಳಿಸುತ್ತದೆ. ಎಡ-ಬಲವೂ ಅದಲುಬದಲು, ಆದರೆ ನಾವು ಎದುರಿನಿಂದ ನೋಡುವುದರಿಂದ ಅದು ಮತ್ತೆ ಸರಿಹೋಗುತ್ತದೆ. ಅಂದರೆ ಫೋಟೋದಲ್ಲಿ ಎಡ ಮೇಲೆ ಕಂಡದ್ದು ಎದುರಿನಿಂದ ನೋಡಿದರೆ ಎಡ ಕೆಳಗೆ. ಆಫೀಸಿನಲ್ಲಿ ಇಡೀ ದಿನ ಬೇರೆಯವರ ಕೋಡ್‌ನಲ್ಲಿ ತಪ್ಪು ಹುಡುಕುವ ನಾನು, ವೈ ಅಕ್ಷದ ಚಿಹ್ನೆ ತಪ್ಪಿಸಿಕೊಂಡು ಒಂದು ಗಂಟೆ ಊದಿದ್ದೆ. ಸರಿ ಮೂಲೆಯಲ್ಲಿ ಊದಿದರೂ ಅದು ಹೋಗಲಿಲ್ಲ ಅನ್ನೋದು ಬೇರೆ ಮಾತು.

ಉಳಿದದ್ದು ಒದ್ದೆ ಒರಸು. ಸೆನ್ಸರ್ ಎತ್ತರಕ್ಕೆ ಸರಿಯಾಗಿ 16 ಮಿಲಿಮೀಟರ್ ಅಗಲದ ಸ್ವಾಬ್, ಜೊತೆಗೆ ಮೆಥನಾಲ್ ದ್ರವ ತರಿಸಿದೆ. ಮೆಥನಾಲ್ ವಿಷ, ಬೇಗ ಬೆಂಕಿಯೂ ಹಿಡಿಯುತ್ತದೆ. ಕಿಟಕಿ ತೆಗೆದು, ಅಮ್ಮನಿಗೆ ದೇವರ ದೀಪ ಅರ್ಧ ಗಂಟೆ ತಡ ಮಾಡಲು ಹೇಳಿದೆ. "ನಿನ್ನ ಕ್ಯಾಮೆರಾಕ್ಕೆ ದೇವರೂ ಕಾಯಬೇಕು" ಅಂದ್ರು ಅಮ್ಮ. ಅಪ್ಪ ಕಾಲು ಚಾಚಿ ಕುರ್ಚಿಯಲ್ಲಿ ಕೂತು ಟಾರ್ಚ್ ಹಿಡಿದರು.

ಮೊದಲ ಸ್ವಾಬ್ ಪೂರ್ತಿ ವ್ಯರ್ಥ. ಎರಡು ಹನಿ ಸಾಕು ಅಂತ ಓದಿದ್ದರೂ ಕೈ ನಡುಗಿ ನಾಲ್ಕು ಬಿತ್ತು. ಅಂಚಿಗೆ ತಾಗಿಸಲು ಹೆದರಿ ಸ್ವಲ್ಪ ಒಳಗಿನಿಂದ ಎಳೆದೆ. ಪರೀಕ್ಷೆ ಮಾಡಿದರೆ ಒದ್ದೆ ಆರಿದ ಗೆರೆಗಳು, ಮೂಲೆಯಲ್ಲಿ ಹದ್ದು ಹಾಗೇ. ಮೊದಲಿಗಿಂತ ಕೆಟ್ಟಿತ್ತು. ಎರಡನೆಯದರಲ್ಲಿ ಎರಡೇ ಹನಿ ಹಾಕಿ ಅಂಚಿನಿಂದಲೇ ಎಳೆದೆ. ಗೆರೆ ಹೋಯಿತು, ಗುಬ್ಬಿಮರಿಗಳು ಹೋದವು. ಹದ್ದು ತುಸು ಸಣ್ಣದಾಯಿತು, ಅಷ್ಟೇ. ನನಗೆ ಸಿಟ್ಟು. ಒತ್ತಿ ಉಜ್ಜಿಬಿಡೋಣ ಅಂತ ಮೂರನೆಯದು ಬಿಚ್ಚಿದೆ.

ಅಷ್ಟರಲ್ಲಿ ಅಪ್ಪ, "ಉಜ್ಜಬೇಡ. ಕೈಗೆ ಅಡಿಕೆ ಚೊಗರು ಹಿಡಿದ್ರೆ ಏನ್ ಮಾಡ್ತೀವಿ? ಮೊದಲು ನೆನೆಸ್ತೀವಿ. ಅದನ್ನ ಅಲ್ಲಿಟ್ಟು ಸ್ವಲ್ಪ ತಡಿ, ಆಮೇಲೆ ಎಳಿ" ಅಂದ್ರು. ಸೆನ್ಸರ್ ಅಂದರೆ ಏನು ಅಂತ ಅವರಿಗೆ ಗೊತ್ತಾದದ್ದೇ ಆ ವಾರ. ಆದರೆ ಪಂಪ್‌ಸೆಟ್, ಸ್ಪ್ರೇಯರ್ ನಾಜಲ್, ಹಳೇ ಸ್ಕೂಟರಿನ ಕಾರ್ಬೊರೇಟರ್ ಇವೆಲ್ಲ ಬಿಚ್ಚಿ ತೊಳೆದ ಕೈ ಅದು.

ಸ್ವಾಬ್ ತುದಿಯನ್ನು ಎಡ ಅಂಚಿಗೆ ಇಟ್ಟೆ. ಎರಡು ಉಸಿರಿನಷ್ಟು ಹೊತ್ತು ಕಾದೆ, ಹೆಚ್ಚು ಕಾದರೆ ದ್ರವ ಆರಿಬಿಡುತ್ತದೆ. ನಿಲ್ಲಿಸದೆ ಒಂದೇ ಎಳೆತ ಬಲ ತುದಿವರೆಗೆ. ಸ್ವಾಬ್ ತಿರುಗಿಸಿ ಇನ್ನೊಂದು ಮಗ್ಗುಲಿನಲ್ಲಿ ವಾಪಸ್. ಕ್ಯಾಮೆರಾ ಆಫ್, ಕನ್ನಡಿ ಟಪ್ ಅಂತ ಕೆಳಗಿಳಿಯಿತು.

ಪರೀಕ್ಷೆಯ ಫೋಟೋ ತೆರೆದಾಗ ಅಪ್ಪನೇ ಮೊದಲು ನೋಡಿದ್ದು. "ಹಾರಿತು" ಅಂದ್ರು.

ಬಲ ಕೆಳಗೆ ಒಂದು ಸೂಜಿಮೊನೆಯಷ್ಟು ಚುಕ್ಕೆ ಉಳಿದಿತ್ತು. ಶೂನ್ಯ ಬಗ್ ಆಗುವ ತನಕ ನಿದ್ದೆ ಬಾರದ ಜಾತಿ ನಮ್ಮದು, ಕೈ ನಾಲ್ಕನೇ ಸ್ವಾಬ್ ಕಡೆ ಹೋಯಿತು. "ಅಲ್ಲಿ ನಮ್ಮ ಮರ ಇಲ್ವಲ್ಲ, ಬಿಡು" ಅಂದ್ರು ಅಪ್ಪ. ಬಿಟ್ಟೆ. ಅದು ಈಗಲೂ ಅಲ್ಲೇ ಇದೆ.

ಶನಿವಾರ ಬೆಳಿಗ್ಗೆ ದರೆ ಮೇಲಿದ್ದೆ. ಈ ಸಲ ಲೆನ್ಸ್ ಮನೆಯಲ್ಲೇ ಹಾಕಿಕೊಂಡು ಬಂದಿದ್ದೆ. ಅದೇ ಫ್ರೇಮ್, ಅದೇ ಎಫ್ 16. ಮೂಲೆ ಮರದ ಕೆಳಗಿನ ಸೋಗೆ ತುದಿಯಿಂದ ಅರ್ಧದವರೆಗೆ ಹಳದಿ. ಕ್ಯಾಮೆರಾ ಬೇಕಿರಲಿಲ್ಲ, ಬರಿಗಣ್ಣಿಗೇ ಕಾಣುತ್ತಿತ್ತು. ಚಿಕ್ಕಪ್ಪ ಪಕ್ಕದಲ್ಲಿ ನಿಂತಿದ್ದರು, ಏನೂ ಅನ್ನಲಿಲ್ಲ.

ಭಾನುವಾರ ರಾತ್ರಿ ಅಪ್ಪ ಕನ್ನಡಕ ಏರಿಸಿಕೊಂಡು ಟ್ಯಾಬ್ ಹಿಡಿದು ಕೂತರು. ನಾನು ಯಾವುದನ್ನೂ ತಿದ್ದಿರಲಿಲ್ಲ. ಮೂಲೆ ಮರದ ಹತ್ತಿರ ಬೆರಳು ಸ್ವಲ್ಪ ಹೊತ್ತು ನಿಂತಿತು. "ಹಳದಿಯೇ" ಅಂದ್ರು. ಆಮೇಲೆ ಪಕ್ಕದ ಮರ, ಅದರ ಪಕ್ಕದ್ದು. ಹಳೇ ಡೈರಿಯಲ್ಲಿ ಸಾಲು ಸಾಲಾಗಿ ಗೀಟು ಹಾಕುತ್ತಾ ಹೋದರು. ಹನ್ನೊಂದು ಗೀಟು. ಅದರ ಕೆಳಗೆ ಸಸಿ ಅಂತ ಬರೆದಿದ್ದ ಸಾಲನ್ನು ಹೊಡೆದುಹಾಕಿ ಕಾಫಿ ಅಂತ ಬರೆದರು.

ಮತ್ತೆ ಟ್ಯಾಬ್ ನನ್ನ ಕಡೆ ತಿರುಗಿಸಿ, "ಇದೇನು, ಕೆರೆ ಮೇಲೆ?" ಅಂದ್ರು.

ದೊಡ್ಡದು ಮಾಡಿ ನೋಡಿದೆ. ರೆಕ್ಕೆ ಇತ್ತು.