ಉದುರಿದ ಹೂವಿಗೆ ಮರ ಒಣಗುವುದೇ?

ಎಸ್ಸೆಸ್ಸೆಲ್ಸಿ ಫಲಿತಾಂಶ ಬಂದ ದಿನ ಗೌನಿಪಲ್ಲಿಯ ಹುಡುಗನೊಬ್ಬ ಊಟ ಬಿಟ್ಟು ಮಾವಿನ ತೋಪು ಸೇರಿದ. ಗಣಿತದಲ್ಲಿ ನಪಾಸು. "ಊರಲ್ಲಿ ತಲೆ ಎತ್ತಿ ಓಡಾಡದ ಹಾಗೆ ಮಾಡಿದೆಯಲ್ಲೋ" ಎಂದಿದ್ದರು ಅಪ್ಪ. ನಪಾಸಾದದ್ದಕ್ಕಿಂತ ಆ ಮಾತೇ ಮಗನಿಗೆ ನಾಟಿತ್ತು. ಮನೆಯಲ್ಲಿ ಅಪ್ಪನೂ ಉಣ್ಣಲಿಲ್ಲ.

ಹೋದದ್ದು ಒಂದು ವಿಷಯ, ನೊಂದದ್ದು ಎರಡು ಜೀವ. ಈ ನೋವಿನ ಬೇರು ಎಲ್ಲಿದೆ?

ಪತಂಜಲಿಯ ಯೋಗಸೂತ್ರ ಐದು ಕ್ಲೇಶಗಳನ್ನು ಹೇಳುತ್ತದೆ: ಅವಿದ್ಯೆ, ಅಸ್ಮಿತೆ, ರಾಗ, ದ್ವೇಷ, ಅಭಿನಿವೇಶ. ಉಳಿದ ನಾಲ್ಕೂ ಬೆಳೆಯುವ ಹೊಲವೇ ಅವಿದ್ಯೆ. ತಾನಲ್ಲದ್ದನ್ನು ತಾನೆಂದು ತಿಳಿಯುವುದೂ ಅವಿದ್ಯೆಯೇ. ಅಂಕಪಟ್ಟಿಯೇ ತಾನೆಂದುಕೊಂಡ ಮಗ. ಮಗನ ಅಂಕವೇ ತಮ್ಮ ಮರ್ಯಾದೆ ಎಂದುಕೊಂಡ ಅಪ್ಪ. ಗೀತೆಯ ಎರಡನೆಯ ಅಧ್ಯಾಯವೂ ಇದನ್ನೇ ಮೆಟ್ಟಿಲು ಮೆಟ್ಟಿಲಾಗಿ ತೋರಿಸುತ್ತದೆ. ಸದಾ ಒಂದನ್ನೇ ನೆನೆಯುವುದರಿಂದ ಅಂಟು, ಅಂಟಿನಿಂದ ಆಸೆ, ಆಸೆಯಿಂದ ಕೋಪ. ಕೋಪ ಬಂದ ಮೇಲೆ ವಿವೇಕ ಉಳಿಯದು. ಅಪ್ಪನ ಬಾಯಿಂದ ಬಂದದ್ದು ಆ ಕೊನೆಯ ಮೆಟ್ಟಿಲಿನ ಮಾತು.

ಆದರೆ ಗೀತೆ ಉಪದೇಶದಿಂದ ಶುರುವಾಗುವುದಿಲ್ಲ. ಮೊದಲ ಅಧ್ಯಾಯದ ಹೆಸರೇ ಅರ್ಜುನ ವಿಷಾದಯೋಗ. ಅರ್ಜುನ ತನ್ನ ಅಳಲನ್ನು ತೋಡಿಕೊಂಡ ಮೇಲಷ್ಟೇ ಕೃಷ್ಣನ ಬೋಧೆ. ಮಕ್ಕಳಿಗೆ ಬುದ್ಧಿ ಹೇಳುವ ಮುನ್ನ ಹಿರಿಯರು ನೆನೆಯಬೇಕಾದ ಕ್ರಮವಿದು.

ತೋಪಿನಲ್ಲಿ ಹಾಗೆ ನಡೆದುಕೊಂಡವರು ತಾತ. ಸುಮ್ಮನೆ ಪಕ್ಕದಲ್ಲಿ ಕೂತರು. ಹುಡುಗ ಅತ್ತು ಹಗುರಾದ ಮೇಲೆ ಕೊಂಬೆಯ ಕಡೆ ಕೈ ತೋರಿಸಿದರು: "ಸಂಕ್ರಾಂತಿಯಲ್ಲಿ ಮರದ ತುಂಬ ಹೂವಿತ್ತು. ಕಾಯಾಗಿ ನಿಂತದ್ದು ಎಷ್ಟು? ಉದುರಿದ ಹೂವಿಗೆಲ್ಲ ಮರ ಒಣಗ್ತದಾ ಮಗಾ?"

ಪಕ್ಕದ ಮುಳಬಾಗಿಲಿನಲ್ಲಿ 1887ರಲ್ಲಿ ಹುಟ್ಟಿದ ಡಿ.ವಿ. ಗುಂಡಪ್ಪನವರೂ ಮೆಟ್ರಿಕ್ಯುಲೇಷನ್ ದಾಟಲಿಲ್ಲ. ಅದೇ ಡಿವಿಜಿಯವರಿಗೆ 1961ರಲ್ಲಿ ಮೈಸೂರು ವಿಶ್ವವಿದ್ಯಾನಿಲಯ ಗೌರವ ಡಾಕ್ಟರೇಟ್ ನೀಡಿತು. ಅವರು ಗೀತೆಗೆ ಬರೆದ ವಿವರಣೆ 'ಜೀವನಧರ್ಮಯೋಗ'ಕ್ಕೆ 1967ರಲ್ಲಿ ಕೇಂದ್ರ ಸಾಹಿತ್ಯ ಅಕಾಡೆಮಿ ಪ್ರಶಸ್ತಿ ಬಂತು.

ಹಾಗೆಂದು ಓದು ಬೇಡವೆಂದಲ್ಲ. ಹೂವು ಉದುರಿತೆಂದು ರೈತ ತೋಪು ಕಡಿಯುವುದಿಲ್ಲ. ಮರುವರ್ಷವೂ ಪಾತಿ ಮಾಡಿ ಗೊಬ್ಬರ ಹಾಕುತ್ತಾನೆ. ದುಡಿಮೆ ನಮ್ಮದು, ಫಲ ಪೂರ್ತಿಯಾಗಿ ನಮ್ಮ ಕೈಯಲ್ಲಿಲ್ಲ. ಇದನ್ನು ಅರಿತವನಿಗೂ ನೋವು ಬರುತ್ತದೆ, ಆದರೆ ಬೇರೂರುವುದಿಲ್ಲ.

ಮರುದಿನ ಮತ್ತೆ ಪರೀಕ್ಷೆ ಕಟ್ಟಿಸಲು ಅಪ್ಪ ಮಗನ ಜೊತೆ ಹೊರಟರು. ದಾರಿಯಲ್ಲಿ ಗಣಿತದ ಮಾತೆತ್ತಲಿಲ್ಲ. "ಏನಾದರೂ ತಿಂದೆಯೇನೋ?" ಎಂದಷ್ಟೇ ಕೇಳಿದರು.